ಮುಖ ಹೊಂದುತ್ತಿಲ್ಲ

ಎಲ್ಲ ಅನರ್ಥಕ್ಕೂ ಕಾರಣ ಆ ಕಾಗದದ ಕೊನೆಯ ಸಾಲು. ಕಾಗದಗಳ ಕೊನೆಯ ಸಾಲು ಓದದೆಯೇ ಎಷ್ಟೋ ಮಂದಿ ಸುಖವಾಗಿ ಬದುಕಿದ್ದಾರೆ. ಫೋಟೋ ಮಾಮನೂ ಐವತ್ತಾರು ವರ್ಷ ಹಾಗೆಯೇ ಬದುಕಿದ್ದ. ಆದರೆ ಆ ದಿನ ಬೆಳಿಗ್ಗೆ ಏಳೂವರೆಗೆ, ಮಧ್ಯಾಹ್ನದ ವೀಸಾ ಸಂದರ್ಶನಕ್ಕೆಂದು ಕಾಗದಗಳನ್ನು ಜೋಡಿಸುತ್ತ ಕೂತಾಗ ಕನ್ನಡಕ ಮೂಗಿನ ಮೇಲೇ ಇತ್ತು. ಓದಿಬಿಟ್ಟ.

‘ಅರ್ಜಿದಾರರ ಮುಖವನ್ನು ಕೇಂದ್ರದಲ್ಲೇ ಯಂತ್ರದ ಮೂಲಕ ಸೆರೆಹಿಡಿದು ಪಾಸ್‌ಪೋರ್ಟಿನ ಭಾವಚಿತ್ರದೊಂದಿಗೆ ತಾಳೆ ನೋಡಲಾಗುವುದು. ಹೊಂದದಿದ್ದಲ್ಲಿ ಅರ್ಜಿಯನ್ನು ಮುಂದುವರಿಸಲಾಗದು.’

ಮಾಮ ಪಾಸ್‌ಪೋರ್ಟ್ ತೆರೆದು ನೋಡಿದ. ಆಮೇಲೆ ಗೋಡೆಯ ಕನ್ನಡಿ ನೋಡಿದ. ಮತ್ತೆ ಪಾಸ್‌ಪೋರ್ಟ್ ನೋಡಿದ.

“ಕೆಟ್ಟೆ” ಅಂದ.

ಪಾಸ್‌ಪೋರ್ಟಿನಲ್ಲಿದ್ದವನು ಮೂವತ್ತೈದರ ಸುಂದರಾಂಗ. ದಟ್ಟ ಕಪ್ಪು ಕೂದಲು, ಪೊದೆಯಂಥ ಹುಬ್ಬು, ಹಣೆಯ ಮೇಲೆ ಒಂದೇ ಒಂದು ಗೆರೆಯಿಲ್ಲ. ಕನ್ನಡಿಯಲ್ಲಿದ್ದವನು ಅವನ ದೊಡ್ಡಪ್ಪ.

ತಪ್ಪು ಬೇರೆ ಯಾರದೂ ಅಲ್ಲ. ಒಂಬತ್ತು ವರ್ಷದ ಹಿಂದೆ ಆ ಫೋಟೋ ತೆಗೆದವನೂ ಮಾಮನೇ, ತಿದ್ದಿದವನೂ ಮಾಮನೇ. ಬೀದಿಗೆ ಬಾಗಿಲಿದ್ದ ಮುಂದಿನ ಕೋಣೆಯೇ ಅವನ ಸ್ಟುಡಿಯೋ. ಒಂದು ಸ್ಟೂಲು, ಒಂದು ಬಿಳಿ ಪರದೆ, ಎರಡು ದೀಪ, ಗಿರಾಕಿಗಳು ಬೆವರು ಒರೆಸಿಕೊಳ್ಳಲು ಒಂದು ಟವೆಲು. ಗೋಡೆಯ ಮೇಲೆ ತನ್ನ ದುಂಡನೆಯ ಅಕ್ಷರದಲ್ಲಿ ಅವನೇ ಬರೆದು ತೂಗುಹಾಕಿದ್ದ ನಿಯಮಗಳು: ನಗಬಾರದು, ಕಿವಿಗಳು ಕಾಣಬೇಕು, ಫೋಟೋ ಆರು ತಿಂಗಳಿಗಿಂತ ಹಳೆಯದಿರಬಾರದು, ತಿದ್ದಿದ ಫೋಟೋ ಸ್ವೀಕಾರಾರ್ಹವಲ್ಲ. ಆ ಬೋರ್ಡಿನ ಕೆಳಗೇ ಕಂಪ್ಯೂಟರ್ ಇಟ್ಟುಕೊಂಡು ದಿನವಿಡೀ ಫೋಟೋ ತಿದ್ದುವುದು ಅವನ ಕಸುಬು.

ಅದೊಂದು ಚಾಳಿ. ಮುಖ ಕಂಡರೆ ಅವನ ಕೈ ಸುಮ್ಮನಿರದು. ಒಂದು ಮಚ್ಚೆ ಅಳಿಸುತ್ತಿದ್ದ, ಎರಡು ಗೆರೆ ಒರೆಸುತ್ತಿದ್ದ, ಕಣ್ಣಿನ ಕೆಳಗಿನ ಕಪ್ಪನ್ನು ತೆಗೆದು ತಲೆಯ ಮೇಲಕ್ಕೆ ಸಾಗಿಸುತ್ತಿದ್ದ. ಬೀದಿಯ ಅರ್ಧಕ್ಕರ್ಧ ಜನ ಅವನ ಫೋಟೋದಲ್ಲಿ ತಮಗಿಂತ ಹತ್ತು ವರ್ಷ ಚಿಕ್ಕವರು. ಈ ಕತೆ ಹೇಳುತ್ತಿರುವ ನಾನೂ ಅವರಲ್ಲಿ ಒಬ್ಬ. ನನ್ನ ಗುರುತಿನ ಚೀಟಿ ನೋಡಿದವರೆಲ್ಲ “ಮಗನದ್ದು ಬೇಡ, ನಿಮ್ಮದು ಕೊಡಿ” ಅನ್ನುತ್ತಾರೆ. ನಾನಂತೂ ಇದುವರೆಗೆ ಮಾಮನ ಹತ್ತಿರ ದೂರು ಒಯ್ದಿಲ್ಲ.

“ಇವಳೇ, ಬಾ ಇಲ್ಲಿ. ಇದು ನಾನು ಅನ್ನಿಸುತ್ತಾ ನೋಡು” ಅಂದ ಮಾಮ.

ಒಳಗಿಂದ ಬಂದ ಹೆಂಡತಿ ಪಾಸ್‌ಪೋರ್ಟನ್ನು ಕಿಟಕಿಯ ಬೆಳಕಿಗೆ ಹಿಡಿದಳು. “ಇವನನ್ನ ಮದುವೆ ಆಗಿದ್ದಿದ್ರೆ ಚೆನ್ನಾಗಿತ್ತು” ಅಂದಳು.

“ತಮಾಷೆ ಸಾಕು. ಮುಖ ಹೊಂದದಿದ್ರೆ ವೀಸಾ ಇಲ್ವಂತೆ.”

ಅವಳ ಮುಖದ ನಗು ಆರಿಹೋಯಿತು. ಮದುವೆಯಾದ ಹೊಸತರಲ್ಲಿ, ಗಂಡಸರು ಬಾಯಿಗೆ ಬಂದದ್ದೆಲ್ಲ ಹೇಳುವ ಕಾಲದಲ್ಲಿ, ಅವನು ಅವಳಿಗೊಂದು ಮಾತು ಕೊಟ್ಟಿದ್ದ: ನಿನ್ನನ್ನ ವಿಮಾನದಲ್ಲಿ ಕರ್ಕೊಂಡು ಹೋಗಿ ಹಿಮ ತೋರಿಸ್ತೀನಿ. ಅದಾಗಿ ಇಪ್ಪತ್ತೆಂಟು ವರ್ಷ. ಒಂಬತ್ತು ವರ್ಷದ ಹಿಂದೆ ಪಾಸ್‌ಪೋರ್ಟಿನ ತನಕ ಬಂದು ಆ ಮಾತು ನಿಂತಿತ್ತು. ಸ್ಟುಡಿಯೋದ ಚಾವಣಿ ಕುಸಿಯಿತು, ಅತ್ತೆಗೆ ಕಾಯಿಲೆಯಾಯಿತು, ಹೊಸ ಕ್ಯಾಮೆರಾ ಬಂತು. ಹಿಮ ಅಲ್ಲೇ ಉಳಿಯಿತು.

ಈಗ ಅವಳ ತಮ್ಮ, ಎರಡು ಸಲ ವಿದೇಶಕ್ಕೆ ಹೋಗಿಬಂದು ಮೂರನೆಯ ಸಲಕ್ಕೆ ಸಿದ್ಧನಾಗಿದ್ದವನು, ಮೂವರಿಗೂ ಟಿಕೆಟ್ ಮಾಡಿಸಿದ್ದ. ಅವನ ವೀಸಾ ಆಗಲೇ ಕೈಗೆ ಬಂದಿತ್ತು. “ಭಾವ, ನಿಮ್ಮಿಬ್ಬರ ಪಾಸ್‌ಪೋರ್ಟಿಗೆ ಇನ್ನು ಹತ್ತೇ ತಿಂಗಳು ಆಯಸ್ಸು. ಹೋಗಿ ಬಂದ ಮೇಲೂ ಆರು ತಿಂಗಳು ಉಳಿದಿರಬೇಕು ಅನ್ನೋದು ರೂಲು. ಈಗ ಹೊರಡದಿದ್ರೆ ಮತ್ತೆ ಹೊಸ ಪಾಸ್‌ಪೋರ್ಟು, ಹೊಸ ರಗಳೆ. ನಿಮ್ಮನ್ನ ನಾನು ಬಲ್ಲೆ” ಅಂದಿದ್ದ. ಮಾಮನಿಗೆ ಅವನು ಬಲ್ಲನೆಂಬುದೇ ಹೆಚ್ಚು ಉರಿಯಾಗಿತ್ತು. ಹೆಂಡತಿ ಮಾತ್ರ ಮೆಲ್ಲಗೆ, “ತಮ್ಮನ ಜೊತೆ ಯಾವಾಗ ಬೇಕಾದ್ರೂ ಹೋಗಬಹುದಿತ್ತು. ನೀವೇ ಕರ್ಕೊಂಡು ಹೋಗ್ಲಿ ಅಂತ ಕಾದಿದ್ದು” ಅಂದಿದ್ದಳು. ಆ ಮಾತು ಮಾಮನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

“ನಿಂದು ಕೊಡು ನೋಡೋಣ” ಎಂದು ಅವಳ ಪಾಸ್‌ಪೋರ್ಟನ್ನೂ ತೆರೆದ. ಫೋಟೋ ನೋಡಿದ, ಅವಳನ್ನು ನೋಡಿದ. “ನಿಂದೇನೂ ತೊಂದರೆಯಿಲ್ಲ. ಹಾಗೇ ಇದ್ದೀಯ. ತೊಂದರೆ ಏನಿದ್ರೂ ಈ ಮುಸುಡಿಯದ್ದು.”

ಒಂಬತ್ತು ಗಂಟೆಗೆ ಮಹಡಿಯ ಮನೆಯ ವಿಮೆ ಏಜೆಂಟರು ಪ್ರಯಾಣ ವಿಮೆಯ ಪತ್ರ ಹಿಡಿದು ಇಳಿದು ಬಂದರು. ಆ ಪತ್ರವಿಲ್ಲದೆ ವೀಸಾ ಅರ್ಜಿಯನ್ನು ಮುಟ್ಟುವುದೂ ಇಲ್ಲವೆಂದು ಅವರು ತಿಂಗಳಿಂದ ಎಲ್ಲರನ್ನೂ ಹೆದರಿಸಿದ್ದರು. ಅವರು ಸಾವು ನೋವಿನ ಮಾತನ್ನು ಲಗ್ನಪತ್ರಿಕೆ ಓದಿದಷ್ಟು ಸಂಭ್ರಮದಿಂದ ಓದುವ ಮನುಷ್ಯ.

“ನೋಡಿ ಮಾಮ, ಅಲ್ಲಿ ಕಾಲು ಮುರಿದ್ರೆ ಪೂರ್ತಿ ಕಂಪನಿಯದು. ಹೃದಯಾಘಾತ ಆದ್ರೆ ಪೂರ್ತಿ ಕಂಪನಿಯದು. ದೈವವಶಾತ್ ನೀವು ಹೋಗೇಬಿಟ್ರಿ ಅನ್ನಿ, ದೇಹನ ಮನೆ ಬಾಗಿಲ ತನಕ ತಂದು ಕೊಡ್ತಾರೆ. ನಯಾ ಪೈಸೆ ಕೊಡೋ ಹಾಗಿಲ್ಲ!”

“ಬದುಕಿದ್ದು ಬಂದ್ರೆ?” ಕೇಳಿದಳು ಹೆಂಡತಿ.

“ಅದು ನಿಮ್ಮ ಖರ್ಚು” ಅಂದರು ಏಜೆಂಟರು.

ಪತ್ರದಲ್ಲಿ ಮೊದಲೇ ಇರುವ ಕಾಯಿಲೆಗಳನ್ನು ಬರೆಯುವ ಜಾಗ ಖಾಲಿ ಇತ್ತು. “ಏನಾದ್ರೂ ಇದ್ರೆ ಈಗಲೇ ಹೇಳಿಬಿಡಿ. ಆಮೇಲೆ ಗೊತ್ತಾದ್ರೆ ಕಂಪನಿ ಕೈ ತೊಳ್ಕೊಳ್ಳುತ್ತೆ.”

“ಗೊರಕೆ ಬರ್ಕೊಳ್ಳಿ” ಅಂದಳು ಹೆಂಡತಿ. “ಮರೆವು. ಮತ್ತೆ, ಹೇಳಿದ್ದಕ್ಕೆಲ್ಲ ಹೂಂ ಅಂದು ಮಾಡದೇ ಇರೋದು.”

ಏಜೆಂಟರು ಪೆನ್ನು ತೆಗೆದೇಬಿಟ್ಟರು. ಮಾಮ ಕಿತ್ತುಕೊಂಡು ‘ಇಲ್ಲ’ ಎಂದು ಬರೆದ. ಬರೆಯುವಾಗ ದಿನಾಂಕಗಳ ಮೇಲೆ ಕಣ್ಣು ಬಿತ್ತು. ಪ್ರಯಾಣ ಹನ್ನೊಂದು ದಿನದ್ದು, ವಿಮೆ ಹತ್ತು ದಿನಕ್ಕೆ.

“ಹನ್ನೊಂದನೇ ದಿನ?”

ಏಜೆಂಟರು ಬೆರಳು ಮಡಿಸಿ ಎಣಿಸಿದರು. “ಹೊರಡೋ ದಿನವೂ ಲೆಕ್ಕಕ್ಕೆ ಬರುತ್ತೆ ಅನ್ನೋದು ಮರೆತೆ. ಹನ್ನೊಂದನೇ ದಿನ ಏನೂ ಆಗದ ಹಾಗೆ ನೋಡ್ಕೊಳ್ಳೋಕಾಗುತ್ತಾ?”

“ನಾನು ನೋಡ್ಕೊಂಡೇನು. ವೀಸಾದವರು ನೋಡ್ಕೊಳ್ಳಲ್ಲ.”

ಏಜೆಂಟರು ಹೊಸ ಪತ್ರ ತರಲು ಮೆಟ್ಟಿಲು ಹತ್ತಿ ಓಡಿದರು. ಮಾಮ ಬೀದಿ ದಾಟಿ ಕ್ಷೌರದ ಅಂಗಡಿಗೆ ಓಡಿದ.

ಕ್ಷೌರಿಕ ಪಾಸ್‌ಪೋರ್ಟನ್ನೂ ಮಾಮನ ತಲೆಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ಯೋಚಿಸಿದ. “ಮಾಮ, ಇರೋದನ್ನ ಕತ್ತರಿಸೋದು ನನ್ನ ವಿದ್ಯೆ. ಇಲ್ಲದ್ದನ್ನ ಬೆಳೆಸು ಅಂತೀರಲ್ಲ.”

“ಲೋಕದಲ್ಲಿ ಎಲ್ಲರೂ ಫೋಟೋನ ಮುಖದ ಹಾಗೆ ಮಾಡು ಅಂತಾರೆ. ನಾನೊಬ್ಬನೇ ನೋಡು, ಮುಖನ ಫೋಟೋದ ಹಾಗೆ ಮಾಡು ಅಂತ ಬಂದಿರೋ ಪೆದ್ದ. ಏನಾದ್ರೂ ದಾರಿ ತೋರಿಸು.”

ಕ್ಷೌರಿಕ ಕಪಾಟಿನ ಹಿಂದಿನಿಂದ ಒಂದು ಡಬ್ಬಿ ತೆಗೆದ. ಅದು ಕೂದಲಿನ ಪುಡಿಯಂತೆ. ಬೋಳಾದ ಕಡೆ ಉದುರಿಸಿದರೆ ಸಾಕು, ಇದ್ದಬದ್ದ ನಾಲ್ಕು ಎಳೆಗೆ ಅಂಟಿಕೊಂಡು ಪೊಗದಸ್ತಾಗಿ ಕಾಣುತ್ತದೆ. “ಆದ್ರೆ ಮೂರು ಮಾತು ನೆನಪಿಡಿ. ಗಾಳಿಗೆ ಹೋಗಬೇಡಿ, ಬೆವರಬೇಡಿ, ತಲೆ ಅಲ್ಲಾಡಿಸಬೇಡಿ.”

“ಹಾಗಾದ್ರೆ ಸತ್ತವರಿಗೆ ಹೇಳಿ ಮಾಡಿಸಿದ್ದು” ಅಂದ ಮಾಮ. ಅಂದರೂ ಹಾಕಿಸಿಕೊಂಡ. ಕ್ಷೌರಿಕ ಅರ್ಧ ಡಬ್ಬಿ ಸುರಿದ, ಹುಬ್ಬಿಗೆ ಬಣ್ಣ ತೀಡಿದ, ಹಣೆಯ ಗೆರೆಗಳಿಗೆ ಗಾರೆ ಮೆತ್ತಿದಂತೆ ಏನೋ ಮೆತ್ತಿದ. ಆ ಹೊತ್ತಿಗೆ ಕೂದಲು ಕತ್ತರಿಸಿಕೊಳ್ಳಲು ಬಂದಿದ್ದ ಮೂವರೂ ಕತ್ತರಿಸಿಕೊಳ್ಳದೆ ಸುತ್ತ ನಿಂತು ಸಲಹೆ ಕೊಡುತ್ತಿದ್ದರು. ಎಡ ಹುಬ್ಬು ಕಡಿಮೆಯಾಯಿತೆಂದು ಒಬ್ಬ, ಬಲ ಹುಬ್ಬು ಜಾಸ್ತಿಯಾಯಿತೆಂದು ಇನ್ನೊಬ್ಬ. ಎರಡನ್ನೂ ಸರಿಮಾಡಲು ಹೋಗಿ ಹುಬ್ಬುಗಳು ಮೂಗಿನ ಮೇಲೆ ಕೂಡಿಕೊಂಡವು. ಮಾಮ ಕನ್ನಡಿ ನೋಡಿಕೊಂಡ. ಒಂದು ಹೆದರಿಕೆ ಕಡಿಮೆಯಾಗಿ ಇನ್ನೊಂದು ಶುರುವಾಯಿತು.

ಹನ್ನೆರಡೂವರೆಗೆ ಭಾವಮೈದ ಕಾರು ತಂದ. ವೀಸಾ ಕೇಂದ್ರ ಊರಿನ ಆ ತುದಿಯಲ್ಲಿತ್ತು. ಕಾರಿನ ಎಸಿ ಕೆಟ್ಟಿತ್ತು. ಗಾಜು ಏರಿಸಿದರೆ ಬೆವರು, ಇಳಿಸಿದರೆ ಗಾಳಿ. ಮಾಮ ಹಿಂದಿನ ಸೀಟಿನಲ್ಲಿ ಸರ್ಕಾರಿ ಪ್ರತಿಮೆಯಂತೆ ನೆಟ್ಟಗೆ ಕೂತು ಒಂದು ಉಪಾಯ ಮಾಡಿದ. ಜೊತೆಗೆ ತಂದಿದ್ದ, ಹಳೆಯ ಕ್ಯಾಮೆರಾಕ್ಕೆ ಹೊದಿಸುತ್ತಿದ್ದ ಕಪ್ಪು ಬಟ್ಟೆಯನ್ನು ತಲೆಯಿಂದ ಎದೆಯವರೆಗೆ ಹೊದ್ದುಕೊಂಡು, ಗಾಜುಗಳನ್ನು ಇಳಿಸಲು ಹೇಳಿದ.

“ಭಾವ, ಯಾರಾದ್ರೂ ನೋಡಿದ್ರೆ ಏನಂದ್ಕೊಳ್ತಾರೆ?”

“ನೋಡಿದವರಿಗೆ ನನ್ನ ಮುಖ ಕಾಣದೆ ಇರೋದೇ ಒಳ್ಳೇದು. ನೀನು ಓಡಿಸು.”

ಮೂರನೆಯ ಸಿಗ್ನಲಿನಲ್ಲಿ ಸಂಚಾರಿ ಪೊಲೀಸನೊಬ್ಬ ಕಾರಿನೊಳಗೆ ಇಣುಕಿದ. ಮುಖಕ್ಕೆ ಕಪ್ಪು ಬಟ್ಟೆ ಕಟ್ಟಿದ ಮನುಷ್ಯನೊಬ್ಬ ಅಲ್ಲಾಡದೆ ಕೂತಿದ್ದಾನೆ, ಪಕ್ಕದಲ್ಲಿ ಹೆಂಗಸೊಬ್ಬಳು ಅವನ ಎರಡೂ ಕೈ ಒತ್ತಿ ಹಿಡಿದಿದ್ದಾಳೆ. ಅವನು ಎದೆಗೆ ಒತ್ತಿಕೊಂಡ ಬಟ್ಟೆ ಜಾರದಿರಲಿ ಎಂದು ಅವಳು ಹಿಡಿದಿದ್ದು. ಅದು ಪೊಲೀಸನಿಗೆ ಹೇಗೆ ಗೊತ್ತಾಗಬೇಕು? ಕಾರನ್ನು ಪಕ್ಕಕ್ಕೆ ಹಾಕಿಸಿದ.

“ಯಾರನ್ನ ಎತ್ತಾಕ್ಕೊಂಡು ಹೋಗ್ತಿದೀರಿ?”

“ನಮ್ಮ ಭಾವ ಸಾರ್. ತಲೆ ಉದುರಿಹೋಗುತ್ತೆ ಅಂತ ಮುಚ್ಚಿದ್ದು.”

“ತೆಗೀರಿ ಬಟ್ಟೆ!”

ಮಾಮ ಬಟ್ಟೆ ಸರಿಸಿದ. ಕೂದಲಿನ ಪುಡಿ ಅರ್ಧ ಬಟ್ಟೆಯ ಜೊತೆ ಹೋಗಿ, ಉಳಿದದ್ದು ಬಲಗಿವಿಯ ಮೇಲೆ ಗುಂಪಾಗಿ ನಿಂತಿತ್ತು. ಪೊಲೀಸ ಎರಡು ಹೆಜ್ಜೆ ಹಿಂದೆ ಸರಿದು ಗುರುತಿನ ದಾಖಲೆ ಕೇಳಿದ. ಇದ್ದದ್ದು ಪಾಸ್‌ಪೋರ್ಟು. ಅದನ್ನು ನೋಡಿ, ಮಾಮನನ್ನು ನೋಡಿ, “ಇದು ನೀವಲ್ಲ” ಅಂದ.

“ಸಂದರ್ಶನಕ್ಕೆ ಮುಂಚೆ ಇದೊಂದು ತಾಲೀಮು ಆದ ಹಾಗಾಯ್ತು” ಎಂದು ಗೊಣಗಿದ ಮಾಮ.

ಹೆಂಡತಿಗೆ ರೇಗಿತು. ಬಾಗಿಲು ತೆಗೆದು ಕೆಳಗಿಳಿದಳು. “ಏನ್ರೀ, ಇವರನ್ನ ಯಾರಾದ್ರೂ ಅಪಹರಣ ಮಾಡ್ತಾರಾ? ಮಾಡಿದ್ರೆ ಯಾರ ಹತ್ತಿರ ದುಡ್ಡು ಕೇಳ್ತಾರೆ? ಇಪ್ಪತ್ತೆಂಟು ವರ್ಷದಿಂದ ಜೊತೆಗಿದೀನಿ, ಇವರು ನನ್ನ ಗಂಡ ಅಂತ ನಾನೇ ಹೇಳ್ತಿದೀನಲ್ಲ. ಸುಳ್ಳು ಹೇಳೋಳಾದ್ರೆ ಇಂಥಾ ಸುಳ್ಳು ಹೇಳ್ತೀನಾ?”

ಪೊಲೀಸ ಮಾಮನನ್ನು ಮತ್ತೊಮ್ಮೆ ದಿಟ್ಟಿಸಿ, ಆ ಮಾತಿನಲ್ಲಿ ಸತ್ಯವಿದೆಯೆಂದು ಒಪ್ಪಿ, ಕಾರು ಬಿಟ್ಟ. ಮಾಮನ ಮಾನ ಆ ಸಿಗ್ನಲಿನಲ್ಲೇ ಉಳಿಯಿತು.

ವೀಸಾ ಕೇಂದ್ರದ ಹೊರಗೆ ಸಾಲು, ಸಾಲಿನ ಮೇಲೆ ಬಿಸಿಲು. ಒಳಗೆ ಹೋಗುವ ಹೊತ್ತಿಗೆ ಮಾಮನ ಹಣೆಯಿಂದ ಕಪ್ಪು ಹೊಳೆಗಳು ಇಳಿಯತೊಡಗಿದ್ದವು. ಬಾಗಿಲಿನ ಕಾವಲುಗಾರ ತಪಾಸಣೆಗೆಂದು ಭುಜ ಮುಟ್ಟಿ ತನ್ನ ಬಿಳಿ ಗವಸನ್ನು ನೋಡಿಕೊಂಡ. “ಸ್ವಾಮಿ, ಒಲೆ ರಿಪೇರಿ ಕೆಲಸವೇ?” ಅಂದ. ಮಾಮ ಹೌದೆಂದುಬಿಟ್ಟ. ಅದಕ್ಕಿಂತ ಸುಲಭವಾದ ವಿವರಣೆ ಅವನಿಗೆ ಹೊಳೆಯಲಿಲ್ಲ.

ಟೋಕನ್ ಸಂಖ್ಯೆ ನಲವತ್ತೇಳು ಬಂದಾಗ ಗಂಡಹೆಂಡಿರು ಗಾಜಿನ ಕಿಟಕಿಯ ಮುಂದೆ ಹೋಗಿ ಕೂತರು. ಭಾವಮೈದ ಹಿಂದೆ ನಿಂತ. ಕಿಟಕಿಯಾಚೆ ಕೂತಿದ್ದ ಅಧಿಕಾರಿಣಿಗೆ ಮೂವತ್ತರೊಳಗಿನ ವಯಸ್ಸು, ಮುನ್ನೂರು ವರ್ಷದ ತಾಳ್ಮೆ. ಕಾಗದಗಳನ್ನು ಒಂದೊಂದಾಗಿ ತಿರುವಿದಳು. ಟಿಕೆಟ್ ಸರಿ, ಹೋಟೆಲು ಸರಿ, ವಿಮೆ ಹನ್ನೊಂದು ದಿನಕ್ಕೆ, ಸರಿ. ಆಮೇಲೆ ಬೆರಳಚ್ಚು ಯಂತ್ರವನ್ನು ಮುಂದೆ ತಳ್ಳಿದಳು. ದಾರಿಯುದ್ದಕ್ಕೂ ಹಣೆ ಒರೆಸಿಕೊಂಡಿದ್ದ ಮಾಮನ ಹತ್ತೂ ಬೆರಳು ಕಪ್ಪಾಗಿದ್ದವು. ಯಂತ್ರ ಕೀಂ ಅಂದಿತು. ಕೈ ತೊಳೆದು ಬಂದ. ಮತ್ತೆ ಕೀಂ ಅಂದಿತು. ಮೂರನೆಯ ಸಲ ಮುಖವನ್ನೂ ತೊಳೆದು, ಬೆಳಗಿನಿಂದ ಮಾಡಿಸಿದ್ದೆಲ್ಲವನ್ನೂ ಕೇಂದ್ರದ ಬೇಸಿನ್ನಿಗೆ ಅರ್ಪಿಸಿ, ಹುಟ್ಟಿದ ಮುಖದಲ್ಲೇ ಬಂದು ಕೂತ. ಈ ಸಲ ಯಂತ್ರ ಅವನ ಬೆರಳುಗಳನ್ನು ಒಪ್ಪಿತು.

“ಮೇಡಂ, ಒಂದು ಮಾತು ಮೊದಲೇ ಹೇಳಿಬಿಡ್ತೀನಿ” ಅಂದ. “ಪಾಸ್‌ಪೋರ್ಟಲ್ಲಿರೋ ಕೂದಲು ನನ್ನದಲ್ಲ. ಹುಬ್ಬೂ ನನ್ನದಲ್ಲ. ನಾನು ಫೋಟೋಗ್ರಾಫರು. ಒಂಬತ್ತು ವರ್ಷದ ಹಿಂದೆ ನನ್ನ ಮುಖ ನನಗೇ ಸಾಲದು ಅನ್ನಿಸಿ ತಿದ್ದಿಬಿಟ್ಟೆ. ಬೈಯೋದಿದ್ರೆ ಬೈದುಬಿಡಿ.”

“ಯಂತ್ರ ಕೂದಲು ನೋಡಲ್ಲ ಸರ್” ಅಂದಳು ಅವಳು. “ಕಣ್ಣು, ಮೂಗು, ಗದ್ದ, ಇವುಗಳ ನಡುವಿನ ಅಳತೆ ನೋಡುತ್ತೆ. ನೆಟ್ಟಗೆ ಕೂತ್ಕೊಳ್ಳಿ.”

ಕ್ಯಾಮೆರಾ ಮಿಣುಕಿತು. ಹಸಿರು ದೀಪ ಹತ್ತಿತು.

“ಹೊಂದುತ್ತೆ. ನಿಮ್ಮದು ಮುಗೀತು.”

ಮಾಮನಿಗೆ ಕುಣಿಯುವಂತಾಯಿತು. ಒಂದು ಕಡೆ ಸಂತೋಷ, ಇನ್ನೊಂದು ಕಡೆ ಬೆಳಗಿನಿಂದ ಮಾಡಿಕೊಂಡ ಮಂಗನಾಟಕ್ಕೆ ನಾಚಿಕೆ. “ನೋಡಿದ್ಯೇನೋ, ಬೋಳುತಲೆಗೂ ಬೆಲೆ ಕೊಡೋ ದೇಶ!” ಎಂದು ಹಿಂದೆ ತಿರುಗಿ ಭಾವಮೈದನಿಗೆ ಹೇಳಿದ.

ಹೆಂಡತಿ ಬೆರಳಚ್ಚು ಕೊಟ್ಟು, ಸೆರಗು ಸರಿಮಾಡಿಕೊಂಡು ಕ್ಯಾಮೆರಾದ ಮುಂದೆ ಕೂತಳು. ಮಿಣುಕಿತು. ಕೆಂಪು ದೀಪ ಹತ್ತಿತು. ಇನ್ನೊಮ್ಮೆ ಮಿಣುಕಿತು. ಮತ್ತೆ ಕೆಂಪು.

ಅಧಿಕಾರಿಣಿ ಪಾಸ್‌ಪೋರ್ಟನ್ನು ಹತ್ತಿರ ಹಿಡಿದು ನೋಡಿದಳು. “ಅಮ್ಮ, ಮುಖ ಹೊಂದುತ್ತಿಲ್ಲ. ಕಣ್ಣು ಇದಕ್ಕಿಂತ ಚಿಕ್ಕದಿದೆ, ಗದ್ದ ಇದಕ್ಕಿಂತ ಅಗಲ ಇದೆ, ಮೂಗು...” ಅಂದು ಅವಳೇ ಸಂಕೋಚಪಟ್ಟು ನಿಲ್ಲಿಸಿದಳು. “ಈ ಫೋಟೋದಲ್ಲಿ ಅಳತೆಗಳನ್ನೇ ಬದಲಾಯಿಸಿದ್ದಾರೆ. ಯಾರು ತೆಗೆದದ್ದು ಇದನ್ನ?”

ಉತ್ತರ ಬೇಕಾಗಲಿಲ್ಲ. ಮೂವರೂ ಮಾಮನನ್ನು ನೋಡುತ್ತಿದ್ದರು.

ಮಾಮನಿಗೆ ಆಗ ನೆನಪಾಯಿತು. ಆ ದಿನ ತನ್ನ ಫೋಟೋಗೆ ಹತ್ತು ನಿಮಿಷ ಖರ್ಚು ಮಾಡಿ, ಹೆಂಡತಿಯದಕ್ಕೆ ಇಡೀ ಮಧ್ಯಾಹ್ನ ಕೂತಿದ್ದ. ಕಣ್ಣನ್ನು ಒಂದು ಚೂರು ಅರಳಿಸಿದ್ದ, ಗದ್ದವನ್ನು ಒಂದು ಚೂರು ಒಳಕ್ಕೆ ಎಳೆದಿದ್ದ, ಮೂಗನ್ನು ಒಂದು ಚೂರು ಎತ್ತಿದ್ದ. ಯಾರೂ ಕೇಳಿರಲಿಲ್ಲ. ಪ್ರೀತಿಯಿಂದ ಮಾಡಿದ್ದು.

“ಬೆಳಿಗ್ಗೆ ನೋಡಿದೆನಲ್ಲ ನಾನು” ಎಂದು ತೊದಲಿದ. “ನನಗೆ ಇವಳು ಫೋಟೋದಲ್ಲಿರೋ ಹಾಗೇ ಕಂಡಳು, ಮೇಡಂ. ದೇವರಾಣೆ. ಈಗಲೂ ಹಾಗೇ ಕಾಣ್ತಿದಾಳೆ.”

ಹೆಂಡತಿಯ ಕಣ್ಣು ತುಂಬಿತು. ಸಿಟ್ಟಿಗೋ, ಹಿಮ ಕೈತಪ್ಪಿತೆಂಬ ದುಃಖಕ್ಕೋ, ಆ ಮಾತಿಗೋ, ಮಾಮನಿಗೆ ತಿಳಿಯಲಿಲ್ಲ. ಮುಖಗಳ ಜೊತೆ ಅಷ್ಟು ವರ್ಷ ಕಳೆದವನಿಗೂ ಅದು ತಿಳಿಯಲಿಲ್ಲ.

“ಇವರ ಅರ್ಜಿ ಹಿರಿಯ ಅಧಿಕಾರಿಗಳಿಗೆ ಹೋಗುತ್ತೆ” ಅಂದಳು ಅಧಿಕಾರಿಣಿ. “ಸಂಜೆಯೊಳಗೆ ಫೋನ್ ಮಾಡ್ತೀವಿ. ಆಸೆ ಇಟ್ಕೋಬೇಡಿ. ಇಂಥವು ಹೆಚ್ಚಾಗಿ ವಾಪಸ್ಸೇ ಬರೋದು.”

ಭಾವಮೈದ ಮಾಮನ ಹೆಗಲು ತಟ್ಟಿದ. “ಏನ್ ಮಾಡೋದು ಭಾವ, ನಾವಿಬ್ರೇ ಹೋಗಿಬರೋಣ. ಅಕ್ಕನಿಗೆ ವಿಡಿಯೋ ತೋರಿಸಿದ್ರಾಯ್ತು.”

ಆ ‘ತೋರಿಸಿದ್ರಾಯ್ತು’ ಅನ್ನುವ ಮಾತು ಮಾಮನ ತಲೆಗೆ ಹತ್ತಿತು. ಜನ್ಮದಲ್ಲಿ ಒಮ್ಮೆಯೂ ಯಾವುದಕ್ಕೂ ಎದೆ ಸೆಟೆಸಿ ನಿಲ್ಲದವನು ಎದ್ದು ನಿಂತ. “ಮೇಡಂ, ಅರ್ಜಿ ವಾಪಸ್ ತಗೊಳ್ಳೋಕೆ ಏನಾದ್ರೂ ಫಾರಂ ಇದೆಯಾ?”

“ಇದೆ ಸರ್. ಆದ್ರೆ ವಾಪಸ್ ತಗೊಂಡ್ರೆ ತೊಂಬತ್ತು ದಿನ ಮತ್ತೆ ಅರ್ಜಿ ಹಾಕೋ ಹಾಗಿಲ್ಲ. ಸಂಜೆ ತನಕ ಯೋಚನೆ ಮಾಡಿ.”

“ಯೋಚನೆ ಮಾಡೋ ಬುದ್ಧಿ ಇದ್ದಿದ್ರೆ ಈ ಕಿಟಕಿ ಮುಂದೆ ಇಂಥ ಪರಿಸ್ಥಿತಿ ಬರ್ತಿತ್ತಾ? ಕೊಡಿ. ಇವಳಿಲ್ಲದೆ ನಾನು ಹಿಮ ನೋಡೋದಿಲ್ಲ.”

“ರೀ, ಸ್ವಲ್ಪ ತಡೀರಿ” ಅಂದಳು ಹೆಂಡತಿ.

“ತಡೆಯೋ ಮಾತೇ ಇಲ್ಲ” ಅಂದ ಮಾಮ. ಎರಡು ಪ್ರತಿಯಲ್ಲಿ, ನಾಲ್ಕು ಕಡೆ, ತನ್ನ ದುಂಡನೆಯ ಅಕ್ಷರದಲ್ಲಿ ಸಹಿ ಹಾಕಿದ. ಸಾಲಿನಲ್ಲಿದ್ದ ಇಬ್ಬರು ಹೆಂಗಸರು ತಮ್ಮ ಗಂಡಂದಿರ ಕಡೆ ತಿರುಗಿ ನೋಡಿದರು. ಆ ಗಂಡಂದಿರು ಮಾಮನನ್ನು ಕೊಂದುಬಿಡುವಂತೆ ನೋಡಿದರು. ಕೇಂದ್ರದಿಂದ ಹೊರಗೆ ಬರುವಾಗ ಮಾಮ ನೆಲದಿಂದ ನಾಲ್ಕು ಬೆರಳು ಮೇಲೆ ನಡೆಯುತ್ತಿದ್ದ.

ಮನೆಗೆ ಬರುವ ದಾರಿಯಲ್ಲಿ ಹೆಂಡತಿ ಅವನ ಕೈ ಹಿಡಿದೇ ಕೂತಿದ್ದಳು. ಈ ಸಲ ಬಟ್ಟೆ ಜಾರದಿರಲಿ ಎಂದಲ್ಲ. “ಹೋಗ್ಲಿ ಬಿಡಿ” ಅಂದಳು. “ಹಿಮ ಅಂದ್ರೇನು, ಫ್ರಿಜ್ಜಿನಲ್ಲೂ ಇದೆ.” ಮಾಮನಿಗೆ ಹಿಂದೆಂದೂ ಆಗದಷ್ಟು ಸುಖವಾಯಿತು. ಮೊದಲೇ ಹೀಗೆ ಒಂದು ತ್ಯಾಗ ಮಾಡಬಹುದಿತ್ತು, ಸುಮ್ಮನೆ ವರ್ಷಗಳನ್ನು ಹಾಳುಮಾಡಿದೆ ಅಂದುಕೊಂಡ.

ಐದೂ ಮುಕ್ಕಾಲಿಗೆ ಫೋನು ಬಂತು. ಹೆಂಡತಿ ಎತ್ತಿಕೊಂಡಳು. ಹೂಂ, ಹೂಂ, ಹೌದಾ, ಎಂದಳು. ಫೋನು ಇಟ್ಟು ನಿಂತೇ ಇದ್ದಳು.

“ಏನಂತೆ? ಇಲ್ಲ ಅಂದ್ರು ತಾನೇ? ಬೇಜಾರು ಮಾಡ್ಕೋಬೇಡ.”

“ವೀಸಾ ಕೊಟ್ರಂತೆ. ಪಾಸ್‌ಪೋರ್ಟ್ ಮಾಡಿಸುವಾಗ ಕೊಟ್ಟಿದ್ದ ಬೆರಳಚ್ಚು ಇವತ್ತಿನದಕ್ಕೆ ಸರಿಹೋಯ್ತಂತೆ. ಮುಖ ಮಾತ್ರ ಯಾರೋ ತಿಳಿಗೇಡಿ ಫೋಟೋಗ್ರಾಫರು ಕೆಡಿಸಿದ್ದಾನೆ, ಇನ್ನು ಮುಂದೆ ಅವನ ಹತ್ತಿರ ಹೋಗಬೇಡಿ ಅಂದ್ರು.”

“ಆಯ್ತಲ್ಲ! ಇಬ್ಬರೂ ಹೊರಟ್ವಿ!” ಎಂದು ಮಾಮ ಕುರ್ಚಿಯಿಂದ ಚಂಗನೆ ಹಾರಿದ. ಹಾರಿದವನು ಇಳಿಯುವ ಹೊತ್ತಿಗೆ ಅವನಿಗೆ ಎಲ್ಲವೂ ನೆನಪಾಗಿತ್ತು.

ಕೇಂದ್ರಕ್ಕೆ ಫೋನು ಮಾಡಿದ. ಅದೇ ಅಧಿಕಾರಿಣಿ ಸಿಕ್ಕಳು. “ಸರ್, ನಿಮ್ಮ ವಾಪಸಾತಿ ಫಾರಂ ಮೂರು ಗಂಟೆಗೇ ಮಂಜೂರಾಗಿದೆ. ಇವತ್ತು ಇಲ್ಲಿ ಬೇಗ ಆದ ಕೆಲಸ ಅದೊಂದೇ. ತೊಂಬತ್ತು ದಿನ ಬಿಟ್ಟು ಬನ್ನಿ.”

ಮಹಡಿಗೆ ಓಡಿದ. ವಿಮೆ ಏಜೆಂಟರು ಪತ್ರದ ಹಿಂದಿನ ಪುಟ ತಿರುವಿದರು. “ಪ್ರಯಾಣ ರದ್ದಾದ್ರೆ ಟಿಕೆಟಿನ ಹಣ ಬರುತ್ತೆ ಮಾಮ, ಯಾಕೆ ಬರಲ್ಲ? ಕಾರಣಗಳ ಪಟ್ಟಿ ಇದೆ. ಜ್ವರ, ಮೂಳೆ ಮುರಿತ, ಭೂಕಂಪ, ಸಾವು. ಹೆಂಡತಿ ಮೇಲಿನ ಪ್ರೀತಿ ಅಂತ...” ಬೆರಳಿಟ್ಟು ಕೊನೆಯ ತನಕ ಹುಡುಕಿದರು. “ಇಲ್ಲ. ಸಹಿ ಹಾಕೋ ಮುಂಚೆ ಒಂದು ಕೈಯಾದ್ರೂ ಮುರ್ಕೊಂಡಿದ್ರೆ ಏನಾದ್ರೂ ಮಾಡಬಹುದಿತ್ತು.”

ಕೆಳಗೆ ಬಂದಾಗ ಹೆಂಡತಿ ಕಿಟಕಿಯ ಹತ್ತಿರ ಕೂತಿದ್ದಳು. “ನಾನೂ ಹೋಗಲ್ಲ ಬಿಡಿ” ಅಂದಳು.

ಇನ್ನೂ ಮಾಮನ ಮೈಯಿಂದ ತ್ಯಾಗ ಪೂರ್ತಿ ಇಳಿದಿರಲಿಲ್ಲ. “ಛೆ, ಹುಚ್ಚಿ, ನೀನು ಹೋಗು” ಅಂದ.

“ಬೇಡಾರೀ. ನೀವಿಲ್ಲದೆ ಎಂಥಾ ಹಿಮ?”

ಆ ಮಾತು ಎಷ್ಟು ಇಂಪಾಗಿತ್ತೆಂದರೆ ಅದನ್ನು ಇನ್ನೊಮ್ಮೆ ಕೇಳಬೇಕೆನ್ನಿಸಿತು. “ನನ್ನ ಚಿಂತೆ ಬಿಡು. ಖಂಡಿತ ಹೋಗು” ಅಂದ.

“ಇಲ್ಲಾರೀ, ಮನಸ್ಸೇ ಬರಲ್ಲ.”

ನಮ್ಮ ಜನರಲ್ಲಿ ಉಪಚಾರದ ಮಾತಿಗೆ ಎರಡು ಸಲ ಸಾಕು. ಎರಡಕ್ಕೆ ನಿಲ್ಲಿಸಿದ್ದರೆ ಮಾಮನ ಬದುಕು ಚೆನ್ನಾಗಿತ್ತು. ಆದರೆ ನಿಲ್ಲಿಸಬೇಕಾದ ಕಡೆ ನಿಲ್ಲಿಸುವ ಗುಣ ಅವನ ಕೈಗೂ ಇರಲಿಲ್ಲ, ಬಾಯಿಗೂ ಇರಲಿಲ್ಲ. ಮೂರನೆಯ ಸಲವೂ ಬೇಡವೆನ್ನುತ್ತಾಳೆ ಎಂಬ ಭರವಸೆಯಲ್ಲಿ, ಅವಳ ಕೈ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು, “ನನ್ನಾಣೆ, ನೀನು ಹೋಗಲೇಬೇಕು” ಅಂದ.

ಹೆಂಡತಿ ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದಳು.

“ಅಷ್ಟೊಂದು ಹೇಳ್ತೀರಲ್ಲ” ಅಂದಳು. “ಆಣೆ ಬೇರೆ ಹಾಕಿಬಿಟ್ರಿ. ಸರಿ ಹಾಗಾದ್ರೆ.”

ಎದ್ದು ಒಳಗೆ ಹೋದಳು. ಮಾಮ ಕುರ್ಚಿಯಲ್ಲಿ ಕೂತೇ ಇದ್ದ. ಒಳಗಿನಿಂದ ಕಪಾಟು ತೆರೆದ ಸದ್ದು, ಪೆಟ್ಟಿಗೆ ಎಳೆದ ಸದ್ದು, ಬಹಳ ವರ್ಷಗಳ ಮೇಲೆ ಅವಳು ಹಾಡು ಗುನುಗುವ ಸದ್ದು ಕೇಳಿಸಿತು. ಆ ಗುನುಗು ಕೇಳಿ ಅವನಿಗೆ ನಿಜವಾಗಿಯೂ ಸಂತೋಷವಾಯಿತು, ಅದೇ ಅವನ ಕಷ್ಟ.

ಸ್ವಲ್ಪ ಹೊತ್ತಿಗೆ ಅವಳು ಮಾಮನ ಹೊಸ ಸ್ವೆಟರ್ ಹಿಡಿದು ಹೊರಗೆ ಬಂದಳು. ಈ ಪ್ರಯಾಣಕ್ಕೆಂದು ಅವಳೇ ಎರಡು ತಿಂಗಳು ಕೂತು ಹೆಣೆದದ್ದು. ಸುದ್ದಿ ತಿಳಿದು ಬಂದು ಬಾಗಿಲಲ್ಲಿ ನಿಂತಿದ್ದ ತಮ್ಮನನ್ನು ಕರೆದು, ತಿರುಗಿ ನಿಲ್ಲಿಸಿ, ಅದನ್ನು ಅವನ ಬೆನ್ನಿಗೆ ಹಿಡಿದಳು. ಎರಡೂ ಭುಜಗಳ ಮೇಲೆ ಕೈಯಾಡಿಸಿ ಎಳೆದು ನೋಡಿದಳು.

“ನೋಡ್ರೀ” ಎಂದು ಗಂಡನ ಕಡೆ ತಿರುಗಿ ಮೆಚ್ಚುಗೆಯಿಂದ ಹೇಳಿದಳು, “ಇವನಿಗೇ ಅಂತ ಹೆಣೆದ ಹಾಗಿದೆ.”